ತಿಮ್ಮೇಗೌಡರ ಮನೆಗೆ ಬಂದ ತಂತಿ

ಹೋದ ತಿಂಗಳು ದಾವಣಗೆರೆಯಲ್ಲಿ ತಂಗಿಯ ಮಗಳ ಮದುವೆ ಮುಗಿಸಿಕೊಂಡು ಬೆಂಗಳೂರಿನ ರೈಲಿನಲ್ಲಿ ಬರುತ್ತಿದ್ದೆ. ಎದುರಿಗೆ ಕೂತಿದ್ದ ಇಬ್ಬರು ಗೃಹಸ್ಥರು ಗಾಡಿ ಹೊರಟಾಗಿನಿಂದ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ. ಒಂದೇ ಬಾಂಬಿಗೆ ಒಂದು ಪಟ್ಟಣ ಸುಟ್ಟುಹೋಯಿತಂತೆ, ಇನ್ನು ಮೇಲೆ ಸೈನ್ಯವೇ ಬೇಡವಂತೆ, ಬ್ರಿಟಿಷರು ಗಂಟುಮೂಟೆ ಕಟ್ಟಿಯಾಯಿತಂತೆ, ಎಲ್ಲ ರೇಡಿಯೋದಲ್ಲಿ ಬಂತಂತೆ. ಇಬ್ಬರಿಗೂ ಯಾವುದರಲ್ಲೂ ಅನುಮಾನವಿರಲಿಲ್ಲ. ಅಷ್ಟರಲ್ಲಿ ಗಾಡಿ ಅಜ್ಜಂಪುರದಲ್ಲಿ ನಿಂತಿತು. ಪ್ಲಾಟ್‌ಫಾರಂ ಮೇಲೆ ಹತ್ತಿಕಾಳಿನ ಚೀಲಗಳನ್ನು ಒಟ್ಟಿದ್ದರು. ಮಳೆಯಲ್ಲಿ ನೆನೆದು ಅವುಗಳಿಂದ ಎಣ್ಣೆಜಿಡ್ಡಿನ, ಸ್ವಲ್ಪ ಹುಳಿ ಹಿಡಿದ ವಾಸನೆ ಬರುತ್ತಿತ್ತು. ಎದುರಿನವರು ಮೂಗಿಗೆ ವಲ್ಲಿ ಹಿಡಿದುಕೊಂಡು ಮಾತು ಮುಂದುವರಿಸಿದರು. ನಾನು ಕಿಟಕಿಯ ಕಡೆಗೆ ತಿರುಗಿ ಕೂತೆ. ಮೂವತ್ತು ವರ್ಷ ಕಳೆದರೂ ಆ ಊರಿನ ಮಣ್ಣಿಗೆ ಇಳಿಯಲು ನನಗೆ ಧೈರ್ಯ ಬಂದಿಲ್ಲ. ಅವತ್ತೂ ಇಳಿಯಲಿಲ್ಲ.

ಅಜ್ಜಂಪುರದ ಶಾಲೆಗೆ ನನ್ನನ್ನು ಮೇಷ್ಟ್ರಾಗಿ ಹಾಕಿದ್ದು ಯುರೋಪಿನಲ್ಲಿ ಮೊದಲ ಯುದ್ಧ ನಡೆಯುತ್ತಿದ್ದಾಗ. ನನಗಾಗ ಇಪ್ಪತ್ತನಾಲ್ಕು. ಊರಲ್ಲಿ ಇಂಗ್ಲಿಷ್ ಬಲ್ಲವರು ಇಬ್ಬರೇ: ಒಬ್ಬರು ಸ್ಟೇಷನ್ ಮಾಸ್ಟರು, ಇನ್ನೊಬ್ಬ ನಾನು. ಅವರು ಮದರಾಸಿನ ಕಡೆಯವರು, ಕನ್ನಡ ಅಷ್ಟಕ್ಕಷ್ಟೆ, ಸ್ಟೇಷನ್ ಬಿಟ್ಟು ಊರೊಳಗೆ ಬರುತ್ತಿರಲಿಲ್ಲ. ಹಾಗಾಗಿ ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಲೋಕದ ಸಮಾಚಾರಕ್ಕೆಲ್ಲ ನಾನೇ ಯಜಮಾನನಾದೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರೆ. ಅಜ್ಜಂಪುರಕ್ಕೆ ಬಂದ ಗಂಡಸು ಶಿವಲಿಂಗಪ್ಪನವರ ಜಗಲಿಗೆ ಬಾರದೆ ಇರುತ್ತಿರಲಿಲ್ಲ. ಅವರದು ಹತ್ತಿಕಾಳು, ಹಿಂಡಿ, ಎಣ್ಣೆಯ ಅಂಗಡಿ. ಹಣೆ ತುಂಬ ವಿಭೂತಿ, ಮಠಕ್ಕೆ ನಡೆದುಕೊಳ್ಳುವ ಮನೆತನ, ಬಾಯಿ ಮಾತ್ರ ಸ್ವಲ್ಪ ಜೋರು. ಪತ್ರಿಕೆ ತರಿಸುತ್ತಿದ್ದವರು ಅವರೇ. ಕನ್ನಡ ಚೆನ್ನಾಗಿಯೇ ಓದುತ್ತಿದ್ದರು, ಆದರೂ ಸಂಜೆ ನಾನು ಬರುವವರೆಗೆ ಅದರ ಮಡಿಕೆ ಬಿಚ್ಚುತ್ತಿರಲಿಲ್ಲ. "ನಾನು ಓದಿದ್ರೆ ಬರೀ ಅಕ್ಷರ ಕಣ್ರೀ ಮೇಷ್ಟ್ರೇ. ನೀವು ಓದಿದ್ರೆ ಸುದ್ದಿ ಆಯ್ತದೆ," ಅನ್ನುತ್ತಿದ್ದರು. ನನಗೆ ಅದು ಹೊಗಳಿಕೆ ಅನಿಸುತ್ತಿತ್ತು. ಒಂದು ಸಾಲು ಓದಿ ಹತ್ತು ಸಾಲು ಕೈಯಿಂದ ಸೇರಿಸುತ್ತಿದ್ದೆ.

ಮಾತಾಡದ ವಿಷಯವಿರಲಿಲ್ಲ. ಜರ್ಮನರು ಆಕಾಶದಲ್ಲಿ ಹಡಗು ಬಿಟ್ಟಿದ್ದಾರೆ ಎಂದು ಓದಿದರೆ, "ಪುಷ್ಪಕ ವಿಮಾನ ಕಂಡೋರಿಗೆ ಇದೇನು ಹೆಚ್ಚು," ಎಂದು ಒಬ್ಬರು. ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಏಳುತ್ತಿದೆ ಎಂದರೆ, "ಹೆಣ್ಮಗಳನ್ನ ಕಟ್ಟಾಕಿದ್ರೆ ಎಷ್ಟು ದಿನ ಸುಮ್ನಿರ್ತಾಳೆ," ಎಂದು ಶಿವಲಿಂಗಪ್ಪನವರು. ಯುದ್ಧಕ್ಕೆ ಮೈಸೂರಿನ ಕುದುರೆ ಸವಾರರನ್ನು ಕಳಿಸಿದ ವಿಷಯ ಬಂದಾಗ, ನಮ್ಮನ್ನು ಕೇಳಿ ಕಳಿಸಿದರೇ ಎಂದು ಯಾರೋ ಗೊಣಗಿದರು. "ಕೋಳೀನ ಕೇಳಿ ಖಾರ ಅರೀತಾರಾ?" ಎಂದೆ ನಾನು. ಜಗಲಿಯೆಲ್ಲ ನಕ್ಕಿತು. ಆ ನಗುವಿಗೋಸ್ಕರ ನಾನು ಮಧ್ಯಾಹ್ನದಿಂದಲೇ ಮಾತು ಹೊಂದಿಸಿಕೊಳ್ಳುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನಾಚಿಕೆಪಡುವಂಥದ್ದು ಬೇರೆ ಇದೆ.

ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ತಿಮ್ಮೇಗೌಡರು ಕೂರುತ್ತಿದ್ದರು. ಐವತ್ತರ ಆಸುಪಾಸು, ತೆಳ್ಳಗಿನ ಆಳು. ಊರಾಚೆ ಎರೆಹೊಲ, ಒಂದಷ್ಟು ತೆಂಗು, ಯಾರ ಹಂಗೂ ಇಲ್ಲದ ಬಾಳು. ಎಲ್ಲರೂ ಅಭಿಪ್ರಾಯ ಹೇಳುತ್ತಿದ್ದರು, ಅವರು ಹೇಳುತ್ತಿರಲಿಲ್ಲ. ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದರು, ಅಷ್ಟೆ. ಅದೂ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿತ್ತು: "ತರೀಕೆರೆ ಟ್ರಾಮಿನ ವಿಷ್ಯ ಏನಾದ್ರೂ ಬಂದೈತಾ ಮೇಷ್ಟ್ರೇ?"

ತರೀಕೆರೆಯಿಂದ ಕಾಡಿನೊಳಕ್ಕೆ ಆಗ ಟ್ರಾಮಿನ, ಅಂದರೆ ಸಣ್ಣ ರೈಲಿನ, ಕಂಬಿ ಹಾಕುತ್ತಿದ್ದರು. ಗೌಡರ ಒಬ್ಬನೇ ಮಗ ರಂಗಸ್ವಾಮಿ ಅಲ್ಲಿ ಕೆಲಸಕ್ಕೆ ಸೇರಿದ್ದ. ಮನೆಯಲ್ಲಿ ಕೊರತೆಯಾಗಿ ಹೋದವನಲ್ಲ. ಹುಡುಗನಾಗಿದ್ದಾಗಿನಿಂದ ಅವನಿಗೆ ಇಂಜಿನ್ನಿನ ಹುಚ್ಚು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೆಂಡತಿ ಲಕ್ಕಮ್ಮ ಲಿಂಗದಹಳ್ಳಿ ಕಡೆಯವಳು. ತಾಯಿ ಸಣ್ಣಮ್ಮ ಬೇಡವೆಂದು ಅತ್ತರೂ ಗೌಡರೇ ಕಳಿಸಿಕೊಟ್ಟಿದ್ದರಂತೆ. ಆ ಕಾಡಿನ ಚಳಿಜ್ವರ ಎಂಥದು ಎಂದು ಎಲ್ಲರಿಗೂ ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತು ಅವರು ಕೇಳುತ್ತಿದ್ದದ್ದು ಟ್ರಾಮಿನ ಸುದ್ದಿಯಲ್ಲ, ಮಗನ ಕ್ಷೇಮಸಮಾಚಾರ.

ಆಷಾಢದಲ್ಲಿ ಒಂದು ಸಂಜೆ ಮಾತು ತಂತಿಯ ಕಡೆಗೆ ಹೊರಳಿತು. ರೈಲುಕಂಬಿ ಪಕ್ಕದ ಕಂಬಕ್ಕೆ ಕಿವಿಯಿಟ್ಟರೆ ಗುಂಯ್ ಅನ್ನುವುದು ಒಳಗೆ ಓಡುವ ಮಾತು ಎಂದು ಯಾರೋ ಹೇಳಿದರು. ಅದು ಗಾಳಿಯ ಸದ್ದು ಎಂದು ನಾನು ವಿವರಿಸಿದೆ. ಕಟ್, ಕಟಕಟ ಎಂದು ಬಡಿದು ಅಕ್ಷರ ಕಳಿಸುವುದನ್ನು ಹಲಗೆಯ ಮೇಲೆ ಬೆರಳಿಂದ ಬಡಿದು ತೋರಿಸಿದೆ. ತಿಮ್ಮೇಗೌಡರು ಎಲೆಅಡಿಕೆ ನಿಲ್ಲಿಸಿ ಕೇಳುತ್ತಿದ್ದರು.

"ಹಂಗಾರೆ ನಮ್ಮಂಥೋರ ಮನೆಗೂ ತಂತಿ ಬತ್ತದಾ ಮೇಷ್ಟ್ರೇ?"

ನಾನು ಹೇಳಿದೆ: "ಬರುತ್ತೆ ಗೌಡ್ರೇ, ಆದರೆ ಬರದೇ ಇರಲಿ ಅಂತ ಬೇಡಿಕೊಳ್ಳಿ. ಸಾಹೇಬರಿಗೆ ತಂತಿ ಬಂದರೆ ವರ್ಗ. ಸಾಹುಕಾರರಿಗೆ ಬಂದರೆ ಹತ್ತಿ ಧಾರಣೆ. ನಮ್ಮಂಥವರಿಗೆ ಬಂದರೆ ಸಾವು. ಒಡೆದು ನೋಡೋ ಕೆಲಸವೂ ಇಲ್ಲ."

ಶಿವಲಿಂಗಪ್ಪನವರು ತೊಡೆ ತಟ್ಟಿಕೊಂಡು ನಕ್ಕರು. ಗೌಡರೂ ನಕ್ಕರು. ಆ ಮಾತು ಊರಿಗೆಲ್ಲ ಹಿಡಿಸಿತು. ಒಂದು ವಾರ ಕಳೆಯುವುದರೊಳಗೆ ಬಾವಿಕಟ್ಟೆಯ ಹೆಂಗಸರೂ ಅದನ್ನು ಹೇಳುತ್ತಿದ್ದರು ಎಂದು ಕೇಳಿ ನಾನು ಬೀಗಿದೆ. ನಿಜಕ್ಕೆ ಆ ಊರಿಗೆ ಅದುವರೆಗೆ ಬಂದ ಕೆಲವೇ ತಂತಿಗಳು ಸಾವಿನವೇ ಆಗಿದ್ದವು. ಹಾಗಾಗಿ ನನ್ನ ಕುಚೋದ್ಯಕ್ಕೆ ಅನುಭವದ ಸಾಕ್ಷಿಯೂ ಸಿಕ್ಕಿತು.

ಗೌರಿಹಬ್ಬಕ್ಕೆ ರಂಗಸ್ವಾಮಿ ಬಂದ. ಕಪ್ಪಗೆ ಬತ್ತಿದ್ದ, ಉಗುರಿನ ಸಂದಿಯಲ್ಲಿ ಇಂಜಿನ್ನಿನ ಜಿಡ್ಡು. ಕಣ್ಣು ಮಾತ್ರ ಫಳಫಳ. ಶಾಲೆಗೆ ಬಂದು ನನ್ನ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಕಂಬಿಯ ತಿರುವುಗಳನ್ನು ಬರೆದು ತೋರಿಸಿದ. ಬರುವ ವರ್ಷ ತನ್ನನ್ನು ಇಂಜಿನ್ನಿನ ಕೆಲಸಕ್ಕೇ ಹಾಕುತ್ತಾರಂತೆ. ಹೆಂಡತಿಯನ್ನು ಮೊದಲ ಸಲ ಅದರಲ್ಲಿ ಕೂರಿಸಿಕೊಂಡು ಹೋಗಬೇಕಂತೆ. ಹೊರಡುವ ದಿನ ಅವನ ಜೊತೆ ನಾನೂ ಸ್ಟೇಷನ್ನಿನವರೆಗೆ ನಡೆದೆ. ದಾರಿಯಲ್ಲಿ ಹೇಳಿದ, ಎರಡು ಸಲ ಜ್ವರ ಬಂದು ಬಿಟ್ಟಿತ್ತು, ಮನೆಯಲ್ಲಿ ಹೇಳಿಲ್ಲ ಎಂದು.

"ಅಂಥಾದ್ದೇನಾದರೂ ಆದರೆ ಕಾರ್ಡು ಬರೀತಾ ಕೂರಬೇಡಪ್ಪ," ಎಂದೆ. "ಕಾರ್ಡು ಎರಡು ದಿನ, ಮೂರು ದಿನ ಮಾಡುತ್ತೆ. ತಂತಿ ಕೊಡು."

"ಸರಿ ಮೇಷ್ಟ್ರೇ," ಎಂದು ಅವನು ಗಾಡಿ ಹತ್ತಿದ.

ಈ ಮಾತನ್ನು ನಾನು ತಿಮ್ಮೇಗೌಡರಿಗೆ ಹೇಳಲಿಲ್ಲ. ಮಗನ ಜ್ವರದ ವಿಷಯ ಹೇಳಬೇಕಾಗುತ್ತದಲ್ಲ ಎಂದು ಒಂದು ನೆಪ. ಮರೆತೇಹೋಯಿತು ಎಂಬುದು ನಿಜ. ಮಗನಿಗೆ ಒಂದು ಬುದ್ಧಿ ಹೇಳಿ ಕಳಿಸಿದ್ದೆ, ಅಪ್ಪನಿಗೆ ಇನ್ನೊಂದು ಕಲಿಸಿದ್ದೆ. ಎರಡೂ ನನ್ನ ಬಾಯಿಂದಲೇ ಬಂದದ್ದು.

ಚಿತ್ತೆ ಮಳೆ ಆ ವರ್ಷ ಬಿಡದೆ ಹಿಡಿಯಿತು. ಎರೆಮಣ್ಣು ಕಾಲಿಟ್ಟರೆ ಕೆರ ಬಿಡುತ್ತಿರಲಿಲ್ಲ. ಅಂಥದರಲ್ಲಿ ಇನ್‌ಸ್ಪೆಕ್ಟರು ಸುತ್ತಿನ ಮೇಷ್ಟ್ರುಗಳನ್ನೆಲ್ಲ ಕಡೂರಿಗೆ ಕರೆಸಿದರು. ಭಾನುವಾರ ಹೋದವನು ಬುಧವಾರ ಬೆಳಗಿನ ಗಾಡಿಗೆ ವಾಪಸು ಬಂದೆ. ಕೊಡೆ ಹಿಡಿದು ಊರೊಳಕ್ಕೆ ಬರುವಾಗ ತಿಮ್ಮೇಗೌಡರ ಮನೆಯ ಮುಂದೆ ಕಮಾನು ಗಾಡಿ ಕಟ್ಟಿ ನಿಂತಿತ್ತು. ನಾಲ್ಕಾರು ಜನ ತಲೆ ತಗ್ಗಿಸಿ ಕೂತಿದ್ದರು. ಗೋಡೆಗೆ ಒರಗಿ ಕೂತಿದ್ದ ಲಕ್ಕಮ್ಮನ ಹಣೆ ಬೋಳಾಗಿತ್ತು.

ಶಿವಲಿಂಗಪ್ಪನವರು ಎದ್ದು ಬಂದು ನನ್ನ ಕೈ ಹಿಡಿದರು. "ರಂಗ ಹೋದ ಕಣ್ರೀ ಮೇಷ್ಟ್ರೇ. ಸೋಮವಾರ ತಂತಿ ಬಂತು."

ಸ್ಟೇಷನ್ನಿನ ಜವಾನ ತಂದುಕೊಟ್ಟನಂತೆ. ಸಾವಿನ ಕಾಗದವನ್ನು ಹೊಸ್ತಿಲ ಒಳಗೆ ತರುವ ಹಾಗಿಲ್ಲ, ಅದು ಊರೂರಿನ ಪದ್ಧತಿ. ಓದಿದ ಮೇಲೂ ಹೊರಗೇ ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಹೋಗಬೇಕು. ಇಂಗ್ಲಿಷ್ ಬಾರದ ಜವಾನನೂ ದೂರ ನಿಂತು ಕೈ ಚಾಚಿ ಕೊಟ್ಟನಂತೆ. ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. ಮನೆಮಂದಿಯೆಲ್ಲ ತಲೆಗೆ ನೀರು ಹುಯ್ದುಕೊಂಡರು, ಸೊಸೆಯ ಕುಂಕುಮ ಅಳಿಸಿದರು, ಬಳೆ ಹನ್ನೊಂದನೆಯ ದಿನಕ್ಕೆ ಇರಲಿ ಎಂದರು. ಕಾಡುಜ್ವರದಲ್ಲಿ ಹೋದವರನ್ನು ಅಲ್ಲಲ್ಲೇ ಮಣ್ಣು ಮಾಡಿಬಿಡುತ್ತಾರೆ, ಈಗ ಹೋದರೂ ಮುಖ ಸಿಗುವುದಿಲ್ಲ ಎಂದು ತಿಳಿದವರು ಹೇಳಿದರು. ಅದಕ್ಕೇ ಮೂರನೇ ದಿನದ ಹಾಲುತುಪ್ಪಕ್ಕೆ ಗುಂಡಿಯ ಹತ್ತಿರ ಹೋಗಿ ಬರೋಣ ಎಂದು ಗಾಡಿ ಕಟ್ಟಿದ್ದರು. ಸಣ್ಣಮ್ಮನ ಮಡಿಲಲ್ಲಿ ಹಾಲಿನ ಗಿಂಡಿಯಿತ್ತು.

ನಾನು ಗೌಡರ ಪಕ್ಕ ಕೂತೆ. ಕೇಳಬೇಕಲ್ಲ ಎಂದು ಕೇಳಿದೆ: "ತಂತಿಯಲ್ಲಿ ಏನು ಬರೆದಿದ್ದರು ಗೌಡ್ರೇ?"

ಅವರು ನನ್ನ ಮುಖ ನೋಡಿದರು. "ಒಡೀಲಿಲ್ಲ ಮೇಷ್ಟ್ರೇ. ನೀವೇ ಹೇಳಿದ್ರಲ್ಲ, ನಮ್ಮಂಥೋರ ಮನೆಗೆ ತಂತಿ ಬಂದ್ರೆ ಒಡೆದು ನೋಡೋ ಕೆಲ್ಸಿಲ್ಲ ಅಂತ."

ಅದರಲ್ಲಿ ಆಕ್ಷೇಪಣೆಯಿರಲಿಲ್ಲ. ಮೇಷ್ಟ್ರು ಹೇಳಿಕೊಟ್ಟದ್ದನ್ನು ಒಪ್ಪಿಸಿದ ಹಾಗಿತ್ತು. ತಂತಿ ಎಲ್ಲಿದೆ ಎಂದು ಕೇಳಿ ಎದ್ದೆ.

ತಂತಿ ಹಿತ್ತಿಲ ಬೇಲಿಯ ಮುಳ್ಳಿಗೆ ಸಿಕ್ಕಿಸಿದಂತೆಯೇ ಇತ್ತು. ಮೇಲೆ ಸೋಗೆಯ ಮರೆ ಇದ್ದದ್ದರಿಂದ ಪೂರ್ತಿ ನೆನೆದಿರಲಿಲ್ಲ. ನಾನು ಅಲ್ಲೇ ಒಡೆದೆ. ಇಂಗ್ಲಿಷಿನಲ್ಲಿ ಎರಡೇ ಸಾಲು. ಕೆಲಸದ ಮೇಸ್ತ್ರಿ ಕೊಟ್ಟದ್ದು. ರಂಗಸ್ವಾಮಿಗೆ ಜ್ವರ ಬಹಳ ಇದೆ, ತರೀಕೆರೆ ಧರ್ಮಾಸ್ಪತ್ರೆಯಲ್ಲಿದ್ದಾನೆ, ತಂದೆಯನ್ನು ಕೇಳುತ್ತಿದ್ದಾನೆ, ಕೂಡಲೇ ಹೊರಟು ಬನ್ನಿ.

ಮುಂದೆ ಬಂದು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಮೊದಲು ಎದ್ದವರು ಸಣ್ಣಮ್ಮ. ಗಿಂಡಿಯ ಹಾಲನ್ನು ಬೀದಿಗೆ ಚೆಲ್ಲಿ, ಅದು ಗುಂಡಿಗೆ ಕಾಯಿಸಿದ ಹಾಲು, ನನ್ನ ಮಗನಿಗೆ ಬೇಡ ಎಂದು ಪಕ್ಕದ ಮನೆಗೆ ಹೋಗಿ ಬೇರೆ ಹಾಲು ಹುಯ್ಸಿಕೊಂಡು ಬಂದರು. ಆಮೇಲೆ ಒಳಗೆ ಹೋಗಿ ಕುಂಕುಮದ ಭರಣಿ ತಂದರು. "ಬಾ ಲಕ್ಕಿ, ಮುಖ ಎತ್ತು," ಎಂದು ಸೊಸೆಯ ಗಲ್ಲ ಹಿಡಿದು ಕುಂಕುಮ ಇಟ್ಟರು. ಅವಸರಕ್ಕೆ ಅದು ಹುಬ್ಬಿನವರೆಗೂ ಹರಡಿತು. ಲಕ್ಕಮ್ಮ ಒರೆಸಿಕೊಳ್ಳಲಿಲ್ಲ, ಸರಿಮಾಡಿಕೊಳ್ಳಲೂ ಇಲ್ಲ.

ಗೌಡರು, ಅತ್ತೆ, ಸೊಸೆ, ನಾನು, ನಾಲ್ವರೂ ಹೊರಟೆವು. ಬೇಸಿಗೆಯಾದರೆ ಊಟದ ಹೊತ್ತಿಗೆ ತರೀಕೆರೆ ಸೇರುವ ದಾರಿ. ಅವತ್ತು ಚಕ್ರ ಅರೆಗಳಿಗೆ ಉರುಳಿದರೆ ಎರೆಮಣ್ಣು ಮೆತ್ತಿಕೊಂಡು ನಿಂತುಬಿಡುತ್ತಿತ್ತು. ಇಳಿದು ಕೋಲಿನಿಂದ ಕೆರೆಯುವುದು, ಹತ್ತುವುದು, ಮತ್ತೆ ಇಳಿಯುವುದು. ಗೌಡರು ಎತ್ತುಗಳಿಗೆ ಚಾವಟಿ ಮುಟ್ಟಿಸಿದ್ದನ್ನು ನಾನು ಅವತ್ತೇ ಕಂಡದ್ದು. ಎರೆ ಮುಗಿದು ಕೆಂಪು ನೆಲ ಸಿಕ್ಕ ಮೇಲೆ ಗಾಡಿ ಓಡಿತು. ಆಗ ಅವರು ಇದ್ದಕ್ಕಿದ್ದಂತೆ ಮಾತಿಗೆ ತೊಡಗಿದರು. "ನೋಡಿ ಮೇಷ್ಟ್ರೇ, ಮೂರು ದಿನ ಅಂದ್ರೇನು, ಜ್ವರ ಇಳಿದಿರ್ತದೆ. ಧರ್ಮಾಸ್ಪತ್ರೇಲಿ ಈಗ ಒಳ್ಳೆ ಔಷ್ದ ಕೊಡ್ತಾರಂತೆ. ನೀವೇ ಓದಿದ್ರಲ್ಲ." ನಾನು ಓದಿದ್ದು ನೆನಪಿರಲಿಲ್ಲ. ಹೌದು ಎಂದೆ. ನಮ್ಮ ಹಿಂದೆ ಲಕ್ಕಮ್ಮ ಹಾಲಿನ ಗಿಂಡಿಯ ಬಾಯಿಗೆ ಅಂಗೈ ಮುಚ್ಚಿಕೊಂಡು ಕೂತಿದ್ದಳು. ನನ್ನ ಜೀವಮಾನದಲ್ಲಿ ನಾನು ದೇವರನ್ನು ಅಷ್ಟು ಬೇಡಿಕೊಂಡದ್ದಿಲ್ಲ. ಆ ಹುಡುಗ ಬದುಕಿರಲಿ ಎಂದು ಎಷ್ಟೋ, ನನ್ನ ಮಾತಿನಿಂದ ಸತ್ತ ಎಂದಾಗದಿರಲಿ ಎಂದೂ ಅಷ್ಟೇ.

ತರೀಕೆರೆ ಸೇರಿದಾಗ ಇನ್ನೂ ಬೆಳಕಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಕಂಪೌಂಡರು ಗೌಡರ ಹೆಸರು ಕೇಳಿ ಎದ್ದು ನಿಂತರು. ಕೂರಿ ಎಂದರು. ಗೌಡರು ಕೂರಲಿಲ್ಲ.

ಹೊತ್ತು ಹುಟ್ಟುವಾಗ ಹೋದನಂತೆ. ಅವತ್ತೇ ಬೆಳಿಗ್ಗೆ. ನಾನು ಕಡೂರಿನಿಂದ ಬರುವ ಗಾಡಿಯಲ್ಲಿ ಕೂತು ತೂಕಡಿಸುತ್ತಿದ್ದ ಹೊತ್ತು. ಸೋಮವಾರ ಪ್ರಜ್ಞೆ ಚೆನ್ನಾಗಿತ್ತು, ತಂತಿ ಕೊಡಿ ಎಂದು ಮೇಸ್ತ್ರಿಗೆ ಹೇಳಿದವನು ಅವನೇ. ಕಾರ್ಡು ಬರೆಯುತ್ತೇನೆ ಎಂದರೆ ಬೇಡ ಎಂದನಂತೆ, ತಂತಿಯೇ ಆಗಬೇಕು, ಮೇಷ್ಟ್ರು ಹೇಳಿದ್ದಾರೆ ಎಂದನಂತೆ. ಆಮೇಲೆ ಎರಡು ದಿನವೂ ರಸ್ತೆಯಲ್ಲಿ ಗಾಡಿಯ ಸದ್ದಾದಾಗಲೆಲ್ಲ, "ನಮ್ಮಪ್ಪನಾ ನೋಡಿ," ಅನ್ನುತ್ತಿದ್ದನಂತೆ. ಕಂಪೌಂಡರು ಒಳ್ಳೆಯ ಮನುಷ್ಯ, ಎಲ್ಲವನ್ನೂ ಹೇಳಿದರು. ಸ್ವಲ್ಪ ಕೆಟ್ಟವರಾಗಿದ್ದರೆ ಅಷ್ಟು ಹೇಳುತ್ತಿರಲಿಲ್ಲ.

ಕಾರ್ಡು ಬರೆದಿದ್ದರೆ ಬುಧವಾರದ ಹೊತ್ತಿಗೆ ಬಂದಿರುತ್ತಿತ್ತು. ಅದೃಷ್ಟಕ್ಕೆ ಒಂದು ದಿನ ಮುಂಚೆ, ಮಂಗಳವಾರವೇ ಬಂದಿದ್ದರೆ, ಕನ್ನಡದ ಕಾರ್ಡನ್ನು ಶಿವಲಿಂಗಪ್ಪನವರೇ ಓದಿ ಹೇಳುತ್ತಿದ್ದರು, ಅವನು ಅಪ್ಪನ ಮುಖ ನೋಡುತ್ತಿದ್ದ. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಮಗನ ಮೈ ಇನ್ನೂ ಅಲ್ಲೇ ಇತ್ತು. ಸಣ್ಣಮ್ಮ ಅವನ ಪಕ್ಕ ಕೂತು ಕೂದಲು ಸವರಿದರು. ಅಳು ಬರಲಿಲ್ಲ. "ಜೀವ ಇದ್ದೋನಿಗೆ ಸ್ನಾನ ಮಾಡಿಬಿಟ್ವಲ್ಲೋ," ಎಂದರು. "ನಾವು ಕಣ್ಣೀರು ಹಾಕ್ತಾ ಕೂತಿದ್ವಿ, ನೀನಿಲ್ಲಿ ದಾರಿ ನೋಡ್ತಿದ್ದೆ. ಅತ್ತಿದ್ದು ಎಲ್ಲಾ ಮೊದ್ಲೇ ಆಗೋಯ್ತು ಮಗಾ, ಈಗ ನಿಂಗೆ ಅಂತ ಏನೂ ಉಳಿದಿಲ್ಲ."

ಲಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬಾ ಎಂದು ಅತ್ತೆ ಕರೆದರು. ಬರುವ ಮುಂಚೆ ಅವಳು ಸೆರಗಿನ ತುದಿ ಎತ್ತಿ ತಾನೇ ಕುಂಕುಮ ಒರೆಸಿಕೊಂಡಳು. ಎರಡನೇ ಸಲಕ್ಕೆ ಬೇರೆಯವರ ಕೈ ಕಾಯಲಿಲ್ಲ. ಅವಳಿಗಿನ್ನೂ ಹದಿನೇಳು ತುಂಬಿರಲಿಲ್ಲ.

ತರೀಕೆರೆಯಲ್ಲೇ ಮಣ್ಣು ಮಾಡಿ ಬಂದೆವು. ಊರಲ್ಲಿ ನನ್ನನ್ನು ಯಾರೂ ಒಂದು ಮಾತೂ ಅನ್ನಲಿಲ್ಲ. ಅವನ ಆಯುಸ್ಸು ಅಷ್ಟೇ ಇತ್ತು ಎಂದರು ಕೆಲವರು. ಜ್ವರ ಅಷ್ಟು ಬಲಿತಿದ್ದ ಮೇಲೆ ಹೋಗಿದ್ದರೂ ಉಳಿಯುತ್ತಿರಲಿಲ್ಲ ಎಂದರು ಶಿವಲಿಂಗಪ್ಪನವರು. ಉಳಿಯುತ್ತಿರಲಿಲ್ಲವೇನೋ. ಆದರೆ ಕೇಳಿದ ಅಪ್ಪ ಸಿಕ್ಕುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದವನು ನಾನೇ. ನಾನು ಜಗಲಿಗೆ ಹೋಗುವುದನ್ನು ಬಿಟ್ಟೆ. ವರ್ಗಕ್ಕೆ ಅರ್ಜಿ ಹಾಕಿದೆ.

ಅರ್ಜಿ ಮಂಜೂರಾಗಿ ಬಂದ ದಿನ ಹೇಳಿಹೋಗಲೆಂದು ಶಿವಲಿಂಗಪ್ಪನವರ ಹತ್ತಿರ ಹೋದೆ. ಮಳೆ ಹೋಗಿ ಹತ್ತಿ ಬಿಡಿಸುವ ಕಾಲ. ಜಗಲಿಯಲ್ಲಿ ಪತ್ರಿಕೆ ಮಡಿಕೆ ಬಿಚ್ಚದೆ ಬಿದ್ದಿತ್ತು. ಯಾರೂ ಓದಿ ಎನ್ನಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ತಿಮ್ಮೇಗೌಡರು ಕೂತಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದರು. ಕೂತೆ. ಹತ್ತಿ ಬೆಲೆ, ಎತ್ತಿನ ಕಾಲುಬೇನೆ ಎಂದು ಅದೂ ಇದೂ ಆಯಿತು. ಆಮೇಲೆ ಅವರು ಎಂದಿನಂತೆ ಒಂದು ಪ್ರಶ್ನೆ ಕೇಳಿದರು.

"ಮೇಷ್ಟ್ರೇ, ಅಲ್ಲಿ ಮೇಸ್ತ್ರಿ ತಂತಿ ಕೊಟ್ಟ ಮ್ಯಾಕೆ ನಮ್ಮನೆ ಬಾಗಿಲಿಗೆ ಬರೋಕೆ ಎಷ್ಟು ಹೊತ್ತು ಹಿಡಿದಿರಬೋದು?"

ಕೊಟ್ಟ ಗಂಟೆ, ಮುಟ್ಟಿದ ಗಂಟೆ ಎರಡನ್ನೂ ಆ ಕಾಗದದಲ್ಲಿ ನೋಡಿದ್ದೆ. ಅವರ ಕಣ್ಣಲ್ಲಿ ಏನೋ ಒಂದು ಆಸೆಯಿತ್ತು. ಮಳೆಗಾಲ ಗೌಡ್ರೇ, ತಂತಿ ಕಡಿದುಹೋಗಿತ್ತು, ಒಂದು ದಿನ ತಡವಾಗಿ ಬಂತು ಎಂದುಬಿಡಬಹುದಿತ್ತು. ಎಷ್ಟೋ ಸಂಜೆ ಎಷ್ಟೋ ಸುಳ್ಳನ್ನು ಅದೇ ಜಗಲಿಯಲ್ಲಿ ನಗಿಸುವುದಕ್ಕೆ ಹೇಳಿದ್ದೆ. ಅವತ್ತು ಬಾಯಿಗೆ ಒಂದೂ ಬರಲಿಲ್ಲ.

"ಒಂದು ಗಂಟೆ," ಎಂದೆ.

ಅವರು ತಲೆಯಾಡಿಸಿದರು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಹಂಗಾರೆ ಅವನು ಕೂಗಿದ್ದು ನಮಗೆ ಆಗಲೇ ಕೇಳಿಸಿತ್ತು ಅನ್ನಿ."

ನಾನು ಹೌದು ಎಂದೆ.